ತೊಳೆಯದ ಕರವಸ್ತ್ರ

೨೦೧೯ರ ಫೆಬ್ರವರಿ ೧೨, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನಾಬುಲ್ ಊರಿನ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಶಾದ್ಲಿಯಾ ಕುರ್ಚಿಗೆ ಒರಗಿ, ಮುಖ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ಕೂತಿದ್ದಳು. ವಯಸ್ಸು ಅರವತ್ತಮೂರು. ಹೊಸ ಔಷಧಿಯೊಂದರ ಪರೀಕ್ಷೆಯ ಪಟ್ಟಿಯಲ್ಲಿ ಅವಳ ಸಂಖ್ಯೆ ಹದಿನೇಳು.

"ಬಿಸ್ಮಿಲ್ಲಾ ಅಂತ ಹಾಕು ಮಗಳೇ," ಎಂದಳು. "ಉರಿದ್ರೆ ಕಿರುಚ್ತೀನಿ. ಹೊರಗೆ ಕೂತಿರೋರೆಲ್ಲ ಎದ್ದು ಓಡ್ತಾರೆ. ಆಮೇಲೆ ನನ್ನ ಬೈಬೇಡ."

"ಉರಿಯಲ್ಲ ಖಾಲ್ತಿ. ಮೂಗು ಮರಗಟ್ಟೋ ಔಷಧಿ ಮೊದಲೇ ಹಾಕಿದೀನಲ್ಲ," ಎಂದಳು ಡಾಕ್ಟರ್ ದುರ್ಸಾಫ್. ಅವಳೂ ಇದೇ ಊರಿನವಳು. ಊರಿನ ಹಿರಿಯ ಹೆಂಗಸರೆಲ್ಲ ಅವಳಿಗೆ ಖಾಲ್ತಿಯರು, ತಾಯಿಯ ತಂಗಿಯರ ಲೆಕ್ಕ. ಎರಡೂ ಹೊಳ್ಳೆಗಳಿಗೆ ಒಂದೊಂದು ಸಲ ಸಿಂಪಡಿಸಿ, ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಗಂಟೆಗೊಂದರಂತೆ ಇನ್ನೂ ನಾಲ್ಕು ಸಲ ಇದೇ ಕೆಲಸ. ಐದು ಮುಗಿದರೆ ಚಿಕಿತ್ಸೆ ಮುಗಿಯಿತು. ಆಮೇಲೆ ಕಾಯುವುದು, ಅಳೆಯುವುದು.

ಶೀಶೆಯಲ್ಲಿ ಇದ್ದದ್ದು ಏನು ಎಂದು ದುರ್ಸಾಫ್‌ಳಿಗೂ ಗೊತ್ತಿರಲಿಲ್ಲ. ಮೂವತ್ತಾರು ಶೀಶೆಗಳು ರಾಜಧಾನಿ ಟ್ಯೂನಿಸ್‌ನಿಂದ ಬಂದಿದ್ದವು. ಹದಿನೆಂಟರಲ್ಲಿ ಮೆಣಸಿನಕಾಯಿಯಿಂದ ತೆಗೆದ ಖಾರದ ಸತ್ವ, ಹದಿನೆಂಟರಲ್ಲಿ ಬರೀ ಉಪ್ಪುನೀರು. ಯಾವ ಸಂಖ್ಯೆಗೆ ಯಾವುದು ಎಂಬ ಚೀಟಿ ಟ್ಯೂನಿಸ್‌ನ ಕಪಾಟಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ. ಡಿಸೆಂಬರಿನವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ.

ಈ ಪರೀಕ್ಷೆಯ ಬೀಜ ಬಿದ್ದದ್ದು ಊರಿನ ಮೆಣಸಿನ ಗಿರಣಿಯಲ್ಲಿ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಗೋಡೆ ಗೋಡೆಗೂ ಮೆಣಸಿನ ಸರ ತೂಗುಬಿದ್ದಾಗ ಗಿರಣಿಗೆ ಹೊಸ ಹೆಂಗಸರು ಸೇರುತ್ತಾರೆ. ಮೊದಲ ವಾರ ಅವರ ಮೂಗು ಕಣ್ಣು ಎಲ್ಲ ಧಾರೆ ಧಾರೆ. ಮೂರನೆಯ ವಾರಕ್ಕೆ ಅದೇ ಪುಡಿಯ ಮಧ್ಯೆ ಕೂತು ಹರಟೆ ಹೊಡೆಯುತ್ತಾರೆ, ಒಂದು ಸೀನೂ ಇಲ್ಲ. ಚಿಕ್ಕಂದಿನಿಂದ ಇದನ್ನು ನೋಡುತ್ತಾ ಬೆಳೆದ ದುರ್ಸಾಫ್‌ಳಿಗೆ ಅದರ ಕಾರಣ ತಿಳಿದದ್ದು ಕಾಲೇಜಿನಲ್ಲಿ. ಮೂಗಿನ ಒಳಪೊರೆಯಲ್ಲಿ ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ನರಗಳಿವೆ. ಅವುಗಳ ತುದಿಯಲ್ಲಿ ಬಾಗಿಲಿನಂಥ ಒಂದು ರಚನೆ. ಬಿಸಿ ತಗುಲಿದರೂ ಆ ಬಾಗಿಲು ತೆರೆಯುತ್ತದೆ, ಮೆಣಸು ತಗುಲಿದರೂ ಅದೇ ತೆರೆಯುತ್ತದೆ. ತೆರೆದಾಗ ನರ ಕೂಗಿಕೊಳ್ಳುತ್ತದೆ, ಮೂಗು ಸುರಿಯುತ್ತದೆ. ಆದರೆ ಮೆಣಸು ಮತ್ತೆ ಮತ್ತೆ ತಟ್ಟಿದರೆ ನರ ಕೂಗಿ ಕೂಗಿ ಸುಮ್ಮನಾಗುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ. ಒಂದು ಗಿಡ ತನ್ನ ಕಾಯಿಯನ್ನು ಪ್ರಾಣಿಗಳಿಂದ ಉಳಿಸಿಕೊಳ್ಳಲು ಮಾಡಿಕೊಂಡ ಖಾರ, ಮನುಷ್ಯನ ಮೂಗಿನೊಳಗಿನ ಬಾಗಿಲಿಗೆ ಕೀಲಿಯ ಹಾಗೆ ಹೊಂದುತ್ತದಲ್ಲ! ಹದಿನಾರು ವರ್ಷದಿಂದ ಇದನ್ನು ಓದುತ್ತಿದ್ದರೂ ದುರ್ಸಾಫ್‌ಳಿಗೆ ಆ ಬೆರಗು ಹಳತಾಗಿರಲಿಲ್ಲ.

ಶಾದ್ಲಿಯಾಳ ಕಾಯಿಲೆ ಅಲರ್ಜಿಯಲ್ಲ. ಧೂಳು, ಬೆಕ್ಕಿನ ರೋಮ, ಪರಾಗ ಎಲ್ಲವನ್ನೂ ಅವಳ ತೋಳಿನ ಮೇಲೆ ಚುಚ್ಚಿ ನೋಡಿದ್ದಾಗಿತ್ತು. ಒಂದಕ್ಕೂ ಚರ್ಮ ಕೆಂಪಾಗಲಿಲ್ಲ. ಆದರೂ ತಣ್ಣನೆಯ ಗಾಳಿ ಬೀಸಿದರೆ, ಆವಿ ಮುಖಕ್ಕೆ ಬಡಿದರೆ, ಯಾರಾದರೂ ಅತ್ತರು ಪೂಸಿಕೊಂಡು ಪಕ್ಕದಲ್ಲಿ ಹಾದರೆ ಮೂಗು ಕಟ್ಟಿ ನೀರು ಸುರಿಯುವುದು. ಅವೇ ತೆಳ್ಳಗಿನ ನರಗಳು ಸಣ್ಣಪುಟ್ಟದಕ್ಕೂ ಕೂಗಿಕೊಳ್ಳುತ್ತಿದ್ದವು. ಹನ್ನೊಂದು ವರ್ಷದ ಪಾಡು. ಬೇರೆ ಯಾರಿಗಾದರೂ ಅದು ಕಿರಿಕಿರಿ ಅಷ್ಟೆ. ಶಾದ್ಲಿಯಾಳಿಗೆ ಅದು ಬದುಕಿನ ಪ್ರಶ್ನೆ. ಅವಳದು ಹೂನೀರು ಇಳಿಸುವ ಮನೆ. ಏಪ್ರಿಲಿನಲ್ಲಿ ಕಹಿ ಕಿತ್ತಳೆ ಹೂ ಬಿಟ್ಟಾಗ ಅವಳ ತಾಯಿಯ ತಾಮ್ರದ ಭಟ್ಟಿ ಒಲೆಯೇರುತ್ತದೆ. ಹನಿ ಬೀಳುತ್ತಾ ಬೀಳುತ್ತಾ ಒಂದು ಗಳಿಗೆಯಲ್ಲಿ ಹೂವಿನ ವಾಸನೆ ಮುಗಿದು ಬೆಂದ ಎಲೆಯ ವಾಸನೆ ಶುರುವಾಗುತ್ತದೆ. ಆ ಗಳಿಗೆಯನ್ನು ಹಿಡಿದು "ಸಾಕು" ಎನ್ನಬೇಕು. ಮೂರು ವಸಂತಗಳಿಂದ ಆ "ಸಾಕು" ಹೇಳುತ್ತಿದ್ದವಳು ಅವಳ ಗಂಡನ ತಂಗಿ ಮಬ್ರೂಕಾ.

"ಈ ಸಲಾನೂ ನನ್ನ ಮೂಗು ಕೈಕೊಟ್ರೆ ಭಟ್ಟಿ ಮಬ್ರೂಕಾಳ ಮನೆಗೆ ಹೋಗುತ್ತೆ," ಎಂದು ಮೂರನೆಯ ಸರದಿಗೆ ಕಾಯುತ್ತಾ ಶಾದ್ಲಿಯಾ ಹೇಳಿದಳು. "ಮನೆಯೋರೆಲ್ಲ ಕೂತು ಮಾತಾಡಿ ಆಗಿದೆ. ಮೂಗಿದ್ದೋರ ಮನೇಲಿ ಭಟ್ಟಿ ಇರ್ಬೇಕು, ನ್ಯಾಯವೇ. ಆದ್ರೆ ನಮ್ಮಮ್ಮ ಅದನ್ನ ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗ್ತಿದ್ಲು ಕಣೇ."

ಐದನೆಯ ಸರದಿ ಮುಗಿದಾಗ ಅವಳ ಮುಖದಲ್ಲಿ ನಿರಾಸೆ ಕಾಣುತ್ತಿತ್ತು. "ನಂಗೆ ನೀರು ಹಾಕಿದೀರಾ. ಚೂರೂ ಚುರುಕ್ ಅನ್ಲಿಲ್ಲ."

"ಹರೀಸಾ ಮೆಣಸಿನ ಚಟ್ನಿ ನೆಕ್ಕಿಕೊಂಡೇ ಹಲ್ಲು ಬಂದಿದ್ದು ನಿಮಗೆ," ಎಂದ ನರ್ಸ್ ಖ್ಮಾಯಿಸ್. ಐವತ್ತು ದಾಟಿದವನು, ನಾಲಗೆಯ ಮೇಲೆ ಅಂಕೆಯಿಲ್ಲದವನು. "ನಿಮ್ಮ ಮೂಗಿಗೆ ಚುರುಕ್ ಅನ್ನಿಸಬೇಕಾದ್ರೆ ಕೆಂಡ ಇಡಬೇಕು, ಖಾಲ್ತಿ."

"ನಿನ್ನ ನಾಲಿಗೆಗೆ ಇಡೋ!"

*

ಅಳತೆಯ ವಿಧಾನ ದುರ್ಸಾಫ್‌ಳದೇ. 'ಮೂಗು ಹೇಗಿದೆ' ಎಂದು ಕೇಳಿದರೆ ಈ ಊರಿನಲ್ಲಿ ಎಲ್ಲರದೂ ದೇವರನ್ನು ಸ್ತುತಿಸಿ ಒಂದೇ ಉತ್ತರ, 'ಹಮ್ದುಲಿಲ್ಲಾ, ಚೆನ್ನಾಗಿದೆ.' ಮೂಗು ನಲ್ಲಿಯಂತೆ ಸೋರುತ್ತಿದ್ದರೂ ದೇವರ ಮುಂದೆ ದೂರು ಹೇಳಬಾರದು. ಹಾಗಾಗಿ ಅವಳು ಬಾಯಿಮಾತು ಬಿಟ್ಟು ತಕ್ಕಡಿಯನ್ನು ನಂಬಿದಳು. ಸಂಖ್ಯೆ ಹೊಲಿದ ಹತ್ತಿಯ ಕರವಸ್ತ್ರಗಳನ್ನು ಮೊದಲೇ ಒಣಗಿಸಿ ತೂಗಿಡುವುದು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಅವನ್ನೇ ಬಳಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತರಬೇಕು. ಹೆಚ್ಚಿದ ತೂಕವೇ ಮೂಗು ಸುರಿಸಿದ ನೀರು. ಚಿಕಿತ್ಸೆಯ ಹಿಂದಿನ ದಿನ ಎಲ್ಲರನ್ನೂ ಆಸ್ಪತ್ರೆಯಲ್ಲೇ ಕೂರಿಸಿ ತೂಗಿದ್ದಳು. ಶಾದ್ಲಿಯಾಳದು ಆರು ಗಂಟೆಗಳಲ್ಲಿ ೬.೪೧ ಗ್ರಾಂ. ನಾಲ್ಕನೆಯ ವಾರದ ಮತ್ತು ಎಂಟನೆಯ ವಾರದ ಅಳತೆ ಅವರವರ ಮನೆಯಲ್ಲೇ.

ಮಾರ್ಚ್ ಮೊದಲ ವಾರದಲ್ಲಿ ನಾಲ್ಕನೆಯ ವಾರದ ಡಬ್ಬಿಗಳು ಬರತೊಡಗಿದವು. ಮೊದಲನೆಯವಳದು ಸೊನ್ನೆ. ಎರಡನೆಯವಳದೂ ಸೊನ್ನೆ. ಮೂರನೆಯ ದಿನ ಬಂದ ಗಂಡಸರಿಬ್ಬರದು ಮೂರು ಗ್ರಾಂ, ನಾಲ್ಕು ಗ್ರಾಂ. ಮತ್ತೆ ನಾಲ್ವರು ಹೆಂಗಸರದು ಸೊನ್ನೆ. ದುರ್ಸಾಫ್ ಊಟ ಮರೆತಳು. ತಕ್ಕಡಿಯನ್ನು ಪ್ರಮಾಣದ ತೂಕದ ಕಲ್ಲಿಟ್ಟು ಎರಡೆರಡು ಸಲ ಪರೀಕ್ಷಿಸಿದಳು. ತಕ್ಕಡಿ ಸರಿಯಾಗಿಯೇ ಇತ್ತು. ಹೆಂಗಸರ ನರಗಳು ಗಂಡಸರವಕ್ಕಿಂತ ಬೇಗ ಶಾಂತವಾಗುತ್ತವೆಯೇ? ಇದನ್ನು ಯಾರೂ ಈವರೆಗೆ ಕಂಡಿಲ್ಲವೇ? ಟ್ಯೂನಿಸ್‌ನಲ್ಲಿದ್ದ ತನ್ನ ಗುರುಗಳಿಗೆ ಫೋನು ಮಾಡಿ ಎಲ್ಲ ಅಂಕಿಗಳನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಅತ್ತಲಿಂದ, "ಸೊನ್ನೆ ಅಂದ್ರೆ ಎಷ್ಟು ಸೊನ್ನೆ ಮಗೂ?" ಎಂದಷ್ಟೇ ಕೇಳಿದರು. ಸಂತೋಷದಲ್ಲಿ ಆ ಪ್ರಶ್ನೆ ಅವಳಿಗೆ ಕಿವಿಗೆ ಬಿತ್ತೇ ಹೊರತು ಮನಸ್ಸಿಗಿಳಿಯಲಿಲ್ಲ.

ಮಾರ್ಚ್ ಹನ್ನೆರಡರ ಸಂಜೆ ಶಾದ್ಲಿಯಾ ತನ್ನ ಡಬ್ಬಿ ಹಿಡಿದು ಬಂದಳು. ಖ್ಮಾಯಿಸ್ ಕರವಸ್ತ್ರವನ್ನು ಚಿಮಟದಲ್ಲಿ ಎತ್ತಿ ತಟ್ಟೆಯ ಮೇಲಿಟ್ಟ.

"ಸೊನ್ನೆ ಬಿಂದು ಮೂರು ಒಂದು," ಎಂದ. "ಡಾಕ್ಟ್ರೇ, ಹೆಂಗಸರಲ್ಲಿ ಇವರದ್ದೊಂದು ಸೊನ್ನೆ ಅಲ್ಲ."

ದುರ್ಸಾಫ್ ಹತ್ತಿರ ಬಂದಳು. ಮುಖಗವಸು ತೊಟ್ಟಿದ್ದರೂ ಅವಳಿಗೆ ಹೂನೀರಿನ ಪರಿಮಳ ಬಡಿಯಿತು. ಕರವಸ್ತ್ರದ ಮೇಲೆ ಇಸ್ತ್ರಿಯ ಗೆರೆಗಳು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ.

"ಖಾಲ್ತಿ, ಇದನ್ನ ಏನು ಮಾಡಿದ್ರಿ?"

"ಏನು ಮಾಡ್ಲಿ? ಸಾಬೂನು ಹಾಕಿ ಒಗೆದೆ. ಬಿಸಿಲಿಗೆ ಒಣಗಿಸ್ದೆ. ಇಸ್ತ್ರಿ ಮಾಡ್ದೆ. ಎರಡು ಹನಿ ಹೂನೀರು ಚಿಮುಕಿಸ್ದೆ."

"ಒಗೀಬೇಡಿ ಅಂತ ಹೇಳಿದ್ನಲ್ಲ!"

"ಹೇಳ್ದೆ. ಹೇಳೋದು ನಿನ್ನ ಮರ್ಯಾದೆ. ಮೂಗು ಒರೆಸಿದ ಹೊಲಸು ಬಟ್ಟೇನ ಓದಿದ ಹೆಣ್ಣುಮಗಳ ಕೈಗೆ ಕೊಡ್ತಾರೇನೇ? ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕೆನ್ನೆಗೆ ಬಿಗೀತಿದ್ಲು. ಊಟದ ತಟ್ಟೆ ಕೊಟ್ಟು ಕಳಿಸಿದ್ರೆ ಖಾಲಿ ತಟ್ಟೆ ವಾಪಸ್ ಕಳಿಸಲ್ಲ ನಾವು. ಇನ್ನು ಕರ್ಚೀಫನ್ನ ಕೊಳಕಾಗಿ ಕಳಿಸ್ತೀವಾ?"

ದುರ್ಸಾಫ್ ಅಳತೆಯ ಪುಸ್ತಕ ತೆರೆದು ಸೊನ್ನೆಗಳನ್ನು ಎಣಿಸಿದಳು. ಖ್ಮಾಯಿಸ್ ಕೂಡಲೇ ಸೊನ್ನೆ ಬಂದ ಆರು ಹೆಂಗಸರಿಗೂ ಫೋನು ಮಾಡಿದ. ಆರಕ್ಕೆ ಆರೂ ಜನ ಒಗೆದಿದ್ದರು. ಒಬ್ಬಳಂತೂ ನೀಲಿ ಹಾಕಿದ್ದಳು. ಎಲ್ಲರೂ ಒಣ ಬಟ್ಟೆ ತಂದಿದ್ದರಿಂದ ಸೊನ್ನೆ ಬಂದಿತ್ತು. ಹೂನೀರು ಚಿಮುಕಿಸಿದ್ದು ಶಾದ್ಲಿಯಾ ಒಬ್ಬಳೇ. ಆ ಎರಡು ಹನಿಯಿಂದಾಗಿ ಸತ್ಯ ಹೊರಬಿತ್ತು.

ಗುರುಗಳ ಪ್ರಶ್ನೆ ಈಗ ಅವಳ ಮನಸ್ಸಿಗಿಳಿಯಿತು. ಎಷ್ಟು ಸೊನ್ನೆ? ಆರೋಗ್ಯವಂತರ ಮೂಗು ಕೂಡ ಆರು ಗಂಟೆಯಲ್ಲಿ ಕರವಸ್ತ್ರವನ್ನು ಒಂದಿಷ್ಟಾದರೂ ತೇವ ಮಾಡುತ್ತದೆ. ಬದುಕಿರುವ ಮೂಗು ಸೊನ್ನೆ ಕೊಡುವುದಿಲ್ಲ. ಇಷ್ಟು ಸರಳ ವಿಷಯ ತನಗೆ ಹೊಳೆಯದೆ ಹೋದದ್ದು ಅವಳಿಗೆ ನಾಚಿಕೆ ತಂದಿತು. ಇದೇ ಊರಿನಲ್ಲಿ ಹುಟ್ಟಿ, ಇಂಥದೇ ಹೆಂಗಸರ ಕೈತುತ್ತು ತಿಂದು ಬೆಳೆದವಳು ತಾನು. ಕೊಳಕು ಬಟ್ಟೆಯನ್ನು ಪರರ ಕೈಗಿಡುವುದಿಲ್ಲ ಎಂಬುದು ತನಗೆ ತಿಳಿದಿರಲಿಲ್ಲವೇ? ಏಳು ಹೆಸರುಗಳ ಮುಂದೆ ನಾಲ್ಕನೆಯ ವಾರದ ಕಲಮಿನಲ್ಲಿ 'ಅಳತೆ ಸಿಗಲಿಲ್ಲ' ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ಉಳಿದದ್ದು ಎಂಟನೆಯ ವಾರ ಒಂದೇ.

"ಖಾಲ್ತಿ, ನಿಜ ಹೇಳಿ. ಮೂಗು ಹೇಗಿದೆ?"

"ಹಮ್ದುಲಿಲ್ಲಾ, ಚೆನ್ನಾಗಿದೆ."

"ತಿಂಗಳ ಹಿಂದೆ ಹೇಗಿತ್ತು?"

"ಹಮ್ದುಲಿಲ್ಲಾ, ಆಗ್ಲೂ ಚೆನ್ನಾಗಿತ್ತು."

ಖ್ಮಾಯಿಸ್ ಗೋಡೆಯ ಕಡೆ ತಿರುಗಿ ನಕ್ಕ. ದುರ್ಸಾಫ್‌ಳಿಗೂ ನಗು ತಡೆಯಲಾಗಲಿಲ್ಲ. "ಎಂಟನೇ ವಾರ ನಾನೇ ಮನೆಗೆ ಬರ್ತೀನಿ. ತಕ್ಕಡಿ ತರ್ತೀನಿ. ಒಗೆಯೋಕೆ ಬಿಡಲ್ಲ."

"ಬಾ ಮಗಳೇ, ಹೂವಿನ ಕಾಲ ಅದು. ಆದ್ರೆ ಆ ಬಟ್ಟೆ ಕೇಳ್ಬೇಡ. ನನ್ನ ಕೈಲಾಗಲ್ಲ."

"ಬಟ್ಟೆ ಇಲ್ದೆ ಇದ್ರೆ ನಂಗೇನೂ ಗೊತ್ತಾಗಲ್ಲ ಖಾಲ್ತಿ. ನಿಮಗೂ ಗೊತ್ತಾಗಲ್ಲ."

ಶಾದ್ಲಿಯಾ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು.

*

ಏಪ್ರಿಲ್ ಒಂಬತ್ತರಂದು ಬೆಳಗಿನ ಆರಕ್ಕೆ ಐದು ನಿಮಿಷ ಇರುವಾಗ ದುರ್ಸಾಫ್ ಬಾಗಿಲು ತಟ್ಟಿದಳು. ಒಳಗೆ ತಣ್ಣನೆಯ ಅಂಗಳದಲ್ಲಿ ಬಿಳಿ ದುಪ್ಪಟಿಯ ಮೇಲೆ ಹೂ ಹರಡಿತ್ತು. ಭಟ್ಟಿ ಒಲೆಯೇರಿತ್ತು. ತಾಮ್ರದ ಹಂಡೆಗೂ ಅದರ ಟೊಪ್ಪಿಗೂ ನಡುವಿನ ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತಿದ್ದರು. ಮಬ್ರೂಕಾ ಮಣೆ ಹಾಕಿಕೊಂಡು, ಕಾಲು ಚಾಚಿ, ಹನಿ ಇಳಿಯುವ ಕೊಳವೆಯ, ಅಂದರೆ ಸೊಂಡಿಲಿನ, ತುದಿಯಲ್ಲೇ ಕೂತಿದ್ದಳು. ನ್ಯಾಯಾಧೀಶೆಯ ಗತ್ತು.

"ಓಹೋ, ಮೂಗು ತೂಗೋ ಡಾಕ್ಟ್ರು ಬಂದ್ರು," ಎಂದಳು. "ನನ್ನದನ್ನೂ ತೂಗಮ್ಮ. ಎಷ್ಟು ಬೆಲೆ ಬಾಳುತ್ತೆ ಅಂತ ನಮ್ಮ ಅತ್ತಿಗೆಗೂ ಗೊತ್ತಾಗ್ಲಿ."

"ನಿನ್ನದು ತೂಗೋಕೆ ಒಂಟೆ ತೂಗೋ ತಕ್ಕಡಿ ಬೇಕು, ಬಿಡು," ಎಂದಳು ಶಾದ್ಲಿಯಾ. ದುರ್ಸಾಫ್ ಕೊಟ್ಟ ಕರವಸ್ತ್ರವನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡಳು.

ದುರ್ಸಾಫ್ ಅಂಥದೇ ಇನ್ನೊಂದು ಕರವಸ್ತ್ರವನ್ನು ತನ್ನ ತೋಳಿನೊಳಗೆ ಸಿಕ್ಕಿಸಿಕೊಂಡಳು. ಅದನ್ನು ಬಳಸುವುದಿಲ್ಲ. ಅಂಗಳದ ಆವಿಯಿಂದಲೇ ಬಟ್ಟೆ ಎಷ್ಟು ತೂಕ ಹೀರುತ್ತದೆ ಎಂದು ತಿಳಿಯಲು ಅದು. ಎರಡನೆಯ ಸಲ ಮೋಸಹೋಗುವುದು ಬೇಡ.

ಮೊದಲ ಹನಿ ಬಿದ್ದದ್ದು ಏಳು ಹತ್ತಕ್ಕೆ. ನಂತರ ಸಣ್ಣ ಎಳೆಯಾಗಿ ನೀರು ಗಾಜಿನ ಬುಡ್ಡಿಗೆ ಇಳಿಯತೊಡಗಿತು. ಇಡೀ ಅಂಗಳ, ಗೋಡೆ, ಬೆಕ್ಕು, ತಾನು ತೊಟ್ಟ ಬಿಳಿ ಕೋಟು, ಎಲ್ಲವೂ ಹೂವಾದಂತೆ ದುರ್ಸಾಫ್‌ಳಿಗೆ ಅನ್ನಿಸಿತು. ಚಳಿಗಾಳಿ ಮಹಡಿಯಿಂದ ಕೆಳಗಿಳಿದು ಶಾದ್ಲಿಯಾಳ ಬೆನ್ನಿಗೆ ಬೀಸುತ್ತಿತ್ತು. ಆವಿ ಎದುರಿನಿಂದ ಮುಖಕ್ಕೆ ಬಡಿಯುತ್ತಿತ್ತು. ಹನ್ನೊಂದು ವರ್ಷ ಅವಳನ್ನು ಸೋಲಿಸಿದ ಎರಡೂ ವೈರಿಗಳು ಒಟ್ಟಿಗೆ ನಿಂತಿದ್ದವು. ದುರ್ಸಾಫ್ ಅವಳ ಕೈಯನ್ನೇ ನೋಡುತ್ತಿದ್ದಳು. ಕೈ ತೋಳಿನ ಕಡೆ ಹೋಯಿತು. ಒಂದು ಸಲ ಮೂಗಿನ ತುದಿ ಒತ್ತಿಕೊಂಡಳು. ಮತ್ತೆ ಬಹಳ ಹೊತ್ತು ಇಲ್ಲ. ಏಳೂಮುಕ್ಕಾಲಕ್ಕೆ ಇನ್ನೊಂದು ಸಲ.

ಮೊದಲ ಬುಡ್ಡಿ ತುಂಬಿತು. ಎರಡನೆಯದು ಇಟ್ಟರು. ಮಬ್ರೂಕಾ ಸೊಂಡಿಲಿಗೆ ಮೂಗು ಹಚ್ಚಿದ ಹಾಗೆ ಬಾಗಿದ್ದಳು. ಶಾದ್ಲಿಯಾ ಒಂದು ಮಾರು ದೂರದಲ್ಲಿ ಒಲೆಗೆ ಕಡ್ಡಿ ಸರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ತಲೆ ಎತ್ತಿದಳು. ದೂರದಲ್ಲಿ ಯಾರೋ ಹೆಸರು ಹಿಡಿದು ಕರೆದರೆ ಎತ್ತುವಂತೆ.

"ಸಾಕು," ಎಂದಳು.

"ಎಲ್ಲಿ ಸಾಕು? ಇನ್ನೂ ಹೂವೇ ಬರ್ತಿದೆ," ಎಂದಳು ಮಬ್ರೂಕಾ. "ಬುಡ್ಡಿ ಇನ್ನೆರಡು ಬೆರಳು ತುಂಬೋವರೆಗೂ ಬರುತ್ತೆ. ಮೂರು ವರ್ಷದಿಂದ ಇಳಿಸ್ತಿರೋಳು ನಾನು."

"ಬುಡ್ಡಿ ತೆಗಿ ಮಬ್ರೂಕಾ."

"ಅಂದಾಜಿನ ಮೇಲೆ ಹೇಳ್ತಿದೀಯಾ ಅತ್ತಿಗೆ."

ಅಂದಾಜು ಹೌದೋ ಅಲ್ಲವೋ ತಿಳಿಯಲು ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹನಿಯನ್ನು ಅಂಗೈಯ ಹಿಂಬದಿಗೆ ಹಾಕಿಕೊಂಡು ಆರುವವರೆಗೆ ಕಾಯುವುದು. ಹೂವಿನ ಗಂಧ ಮೊದಲು ಹಾರಿಹೋಗುತ್ತದೆ. ಬೆಂದ ಎಲೆಯ ವಾಸನೆ ಇದ್ದರೆ ಅದು ಕೊನೆಗೆ ಉಳಿಯುತ್ತದೆ. ಶಾದ್ಲಿಯಾ ಬುಡ್ಡಿ ಸರಿಸಿ, ಬೀಳುತ್ತಿದ್ದ ಹನಿಯನ್ನು ಮಬ್ರೂಕಾಳ ಕೈ ಮೇಲೆ ಹಿಡಿದಳು. ಒಂದು ನಿಮಿಷ. ಎರಡು ನಿಮಿಷ. ದುರ್ಸಾಫ್ ಅಭ್ಯಾಸಬಲದಿಂದ ಗಡಿಯಾರ ನೋಡುತ್ತಿದ್ದಳು. ಮೂರನೆಯ ನಿಮಿಷಕ್ಕೆ ಮಬ್ರೂಕಾ ಕೈಯನ್ನು ಮೂಗಿಗೆ ಒಯ್ದಳು. ಒಮ್ಮೆ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಆ ಕೈಯನ್ನು ದುರ್ಸಾಫ್‌ಳ ಮುಂದೆ ಚಾಚಿದಳು.

ಬಹಳ ನಸುವಾಗಿ, ಇದೆಯೋ ಇಲ್ಲವೋ ಎಂಬಷ್ಟು, ನಿನ್ನೆಯ ಸೊಪ್ಪಿನ ಸಾರಿನ ವಾಸನೆ.

"ಮೂಗು ಹಚ್ಚಿಕೊಂಡು ಕೂತೋಳು ನಾನು," ಎಂದಳು ಮಬ್ರೂಕಾ ಮೆಲ್ಲಗೆ. "ಅಷ್ಟು ದೂರದಿಂದ ನಿಂಗೆ ಹೇಗೆ ಬಂತು ಅತ್ತಿಗೆ?" ಹೇಳುತ್ತಲೇ ಅವಳು ಮಣೆಯಿಂದ ಎದ್ದು, ಆ ಜಾಗವನ್ನು ಖಾಲಿ ಬಿಟ್ಟು, ಒಲೆಯ ಬದಿಗೆ ಹೋಗಿ ಕೂತಳು. ಭಟ್ಟಿಯ ಮಾತು ಅಲ್ಲಿಗೆ ಮುಗಿಯಿತು.

ದುರ್ಸಾಫ್ ಮೂಗಿನ ಮೇಲೆ ಬೆರಳಿಟ್ಟು ನಿಂತಿದ್ದಳು. ಅವಳು ಓದಿದ ಪ್ರಕಾರ, ಗಾಳಿಯಲ್ಲಿ ತೇಲಿ ಬಂದ ಒಂದಷ್ಟು ಕಣಗಳು ತೇವದ ಒಂದು ಪದರವನ್ನು ದಾಟಿ ವಾಸನೆಯ ನರವನ್ನು ಮುಟ್ಟಬೇಕು. ಹನ್ನೊಂದು ವರ್ಷ ಆ ದಾರಿಯಲ್ಲಿ ನೆರೆ ಬಂದು ನಿಂತಿತ್ತು. ನೆರೆ ಇಳಿದ ಮೇಲೆ, ಮೂರು ವಸಂತ ಕೆಲಸವಿಲ್ಲದೆ ಕೂತ ಮೂಗು ತಾಯಿ ಕಲಿಸಿದ್ದನ್ನು ಒಂದಿಷ್ಟೂ ಮರೆಯದೆ ಹಿಡಿದು ಕೊಟ್ಟಿತಲ್ಲ! ನೆರೆ ಇಳಿಸಿದ್ದು ಮೆಣಸೋ ಉಪ್ಪುನೀರೋ ಅವಳಿಗೆ ಗೊತ್ತಿಲ್ಲ. ಮೆಣಸಾದರೆ, ಐದು ಸಲ ಗದರಿಸಿದ ಮಾತ್ರಕ್ಕೆ ಒಂದು ನರ ಎರಡು ತಿಂಗಳು ಸುಮ್ಮನಿದೆ ಎಂದಾಯಿತು. ಉಪ್ಪುನೀರಾದರೆ, ತನಗೆ ಹಾಕಿದ್ದು ನೀರೇ ಎಂದು ನಂಬಿದವಳಲ್ಲೂ ದೇಹ ತನ್ನಷ್ಟಕ್ಕೆ ತಾನೇ ಸರಿಹೋಯಿತು ಎಂದಾಯಿತು. ಎರಡರಲ್ಲಿ ಯಾವುದು ದೊಡ್ಡ ಅಚ್ಚರಿ ಎಂದು ಅವಳಿಗೆ ಹೇಳಲಾಗಲಿಲ್ಲ.

ಆದರೆ ಒಬ್ಬಳ ಜಾಣ್ಮೆ ಅಳತೆಯಲ್ಲ. ಅವಳು ಹನ್ನೆರಡು ಹೊಡೆಯುವವರೆಗೆ ಕಾದಳು. ಆಮೇಲೆ ಕೈ ಚಾಚಿದಳು.

ಶಾದ್ಲಿಯಾ ತೋಳಿನಿಂದ ಕರವಸ್ತ್ರ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ಅಂಗಳದ ಮೂಲೆಯ ನಲ್ಲಿಯ ಕಡೆ ಹೋಯಿತು. ನಲ್ಲಿಯ ಪಕ್ಕದಲ್ಲೇ ಸಾಬೂನು.

"ಒಂದು ಸಲ ನೀರಲ್ಲಿ ಜಾಲಿಸಿ ಕೊಡ್ತೀನಿ. ಸಾಬೂನು ಬೇಡ."

"ಬೇಡ ಖಾಲ್ತಿ."

"ಅತ್ತಿಗೆ, ಕೊಟ್ಬಿಡು," ಎಂದಳು ಮಬ್ರೂಕಾ ಒಲೆಯ ಬದಿಯಿಂದ. "ನನ್ನ ಹೆರಿಗೇಲಿ ನೀನು ಏನೇನು ಒಗೆದಿದೀಯಾ, ನಂಗೆ ಗೊತ್ತಿಲ್ವಾ? ಆಗ ನಾಚಿಕೊಂಡ್ಯಾ?"

ಶಾದ್ಲಿಯಾ ಮುಖವನ್ನು ಗೋಡೆಗೆ ತಿರುಗಿಸಿದಳು. ತಿರುಗಿಕೊಂಡೇ, ಹಿಂದಕ್ಕೆ ಕೈ ಚಾಚಿ ಬಟ್ಟೆಯನ್ನು ಕೊಟ್ಟಳು. ಎರಡು ತಿಂಗಳಲ್ಲಿ ಆ ಹೆಂಗಸು ಪರೀಕ್ಷೆಗಾಗಿ ಮಾಡಿದ ಅತ್ಯಂತ ಕಷ್ಟದ ಕೆಲಸ ಇದೇ ಎಂದು ದುರ್ಸಾಫ್‌ಳಿಗೆ ಗೊತ್ತಿತ್ತು. ಎರಡೂ ಕೈಯಲ್ಲಿ ತೆಗೆದುಕೊಂಡಳು.

ಒಳಮನೆಯ ಕಲ್ಲುಹಾಸಿನ ಮೇಜಿನ ಮೇಲೆ ತಕ್ಕಡಿ ಇಟ್ಟು, ಗಾಳಿ ಬರದಂತೆ ಕಿಟಕಿ ಮುಚ್ಚಿದಳು. ಮೊದಲು ತನ್ನ ತೋಳಿನ ಕರವಸ್ತ್ರ. ಆವಿಯಿಂದ ಅದು ೦.೦೫ ಗ್ರಾಂ ಹೆಚ್ಚಿತ್ತು. ಆಮೇಲೆ ಹದಿನೇಳನೆಯ ಸಂಖ್ಯೆಯದು. ಒಣಗಿದ್ದಾಗ ೧೪.೨೬. ಅಂಕಿಗಳು ಮೇಲೆ ಕೆಳಗೆ ಅಲುಗಾಡಿ ನಿಂತವು. ೧೪.೬೮. ಮೂರು ಸಲ ಎತ್ತಿ ಮೂರು ಸಲ ಇಟ್ಟು ನೋಡಿದಳು. ಆವಿಯ ಪಾಲನ್ನು ಕಳೆದಳು. ಬಾಗಿಲ ಹೊರಗೆ ಶಾದ್ಲಿಯಾ ಗೋಡೆ ಹಿಡಿದು ನಿಂತಿದ್ದಳು.

"ಎಷ್ಟೇ?"

ದುರ್ಸಾಫ್ ಪುಸ್ತಕದಲ್ಲಿ ಬರೆದುಕೊಂಡು, ಬರೆದದ್ದನ್ನೇ ಗಟ್ಟಿಯಾಗಿ ಓದಿದಳು. ಫೆಬ್ರವರಿಯಲ್ಲಿ ಆರು ಗಂಟೆಗೆ ೬.೪೧ ಗ್ರಾಂ. ಇವತ್ತು ಆರು ಗಂಟೆಗೆ ೦.೩೭ ಗ್ರಾಂ.